ಹೃದಯ ಬರೀ ಪಂಪ್ ಅಲ್ಲ

‘ಎಂಜಿನಿಯರಿಂಗ್ ಓದುವವರಿಗೆ ಬಯಾಲಜಿ ಯಾಕೆ?’ ವಿಟಿಯುನ 2022ರ ಸ್ಕೀಮ್‌ನಲ್ಲಿ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಬಂದ ಮೇಲೆ ನನ್ನ ವಾರಿಗೆಯವರ ಬಾಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು. ಪಿಯುಸಿಯಲ್ಲೇ ಜೀವಶಾಸ್ತ್ರಕ್ಕೆ ಕೈಮುಗಿದು ಬಂದವರಿಗೆ ಅದು ಮತ್ತೆ ಎದುರಾದರೆ ಬೇಸರವಾಗುವುದು ಸಹಜ. ಆದರೆ ಪರೀಕ್ಷೆಯ ಹಿಂದಿನ ದಿನ ನೋಟ್ಸ್ ತಿರುವಿ ಮುಗಿಸಬಾರದ ವಿಷಯ ಒಂದಿದ್ದರೆ ಅದು ಇದೇ ಎಂಬುದು ನನ್ನ ಅನಿಸಿಕೆ.

ಜೀವಿಗಳ ಲಕ್ಷಣಗಳನ್ನು ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದಿದ್ದೇವೆ: ಪೋಷಣೆ, ಉಸಿರಾಟ, ವಿಸರ್ಜನೆ, ಚಲನೆ, ಬೆಳವಣಿಗೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿ. ಈ ಪಟ್ಟಿ ಹಿಡಿದು ಬೈಕಿನ ಮುಂದೆ ನಿಲ್ಲಿ. ಅದು ಪೆಟ್ರೋಲ್ ಕುಡಿಯುತ್ತದೆ, ಆಮ್ಲಜನಕ ಬಳಸಿ ಅದನ್ನು ಸುಡುತ್ತದೆ, ಹೊಗೆ ಬಿಡುತ್ತದೆ, ಓಡುತ್ತದೆ, ಆಕ್ಸಿಲರೇಟರ್ ತಿರುವಿದರೆ ಪ್ರತಿಕ್ರಿಯಿಸುತ್ತದೆ. ಏಳಕ್ಕೆ ಐದು ಅಂಕ! ಇತ್ತ ಹೇಸರಗತ್ತೆ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ಆದರೂ ಅದು ಜೀವಿಯೇ. ಕಣಜದ ರಾಗಿ ಕಾಳು ಕದಲುವುದಿಲ್ಲ, ಬೆಳೆಯುವುದಿಲ್ಲ. ಆದರೆ ಒಳಗೊಳಗೆ ಬಹಳ ನಿಧಾನವಾಗಿ ಉಸಿರಾಡುತ್ತಿರುತ್ತದೆ. ಸರಿಯಾಗಿ ಒಣಗದ ಕಾಳನ್ನು ರಾಶಿ ಹಾಕಿದರೆ ಬಿಸಿಯೇರುವುದಕ್ಕೆ ಕಾಳಿನ ಉಸಿರಾಟ ಮತ್ತು ಅದರ ಮೇಲೆ ಬೆಳೆಯುವ ಬೂಷ್ಟು ಕಾರಣ.

ಹಾಗಾದರೆ ಬೈಕಿಗೂ ರಾಗಿ ಕಾಳಿಗೂ ಇರುವ ವ್ಯತ್ಯಾಸವೇನು? ಉತ್ತರದ ಸುಳಿವು ನಮ್ಮ ಸಿಲಬಸ್ಸಿನಲ್ಲೇ ಇದೆ. ಅಲ್ಲಿ ಮೆದುಳು ಸಿಪಿಯು, ಕಣ್ಣು ಕ್ಯಾಮೆರಾ, ಹೃದಯ ಪಂಪ್, ಮೂತ್ರಪಿಂಡ ಫಿಲ್ಟರ್. ಈ ಹೋಲಿಕೆಗಳಿಂದ ಉಪಯೋಗವಿದೆ. ಮೂತ್ರಪಿಂಡವನ್ನು ಫಿಲ್ಟರ್ ಎಂದು ನೋಡದಿದ್ದರೆ ಡಯಾಲಿಸಿಸ್ ಯಂತ್ರವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಹೋಲಿಕೆ ಎಲ್ಲಿ ಸೋಲುತ್ತದೋ ಅಲ್ಲಿಂದಲೇ ಜೀವ ಎಂಬುದು ಅರ್ಥವಾಗತೊಡಗುತ್ತದೆ.

ಪಂಪ್ ಕೆಟ್ಟರೆ ಸ್ವಿಚ್ ಆಫ್ ಮಾಡಿ, ಬಿಚ್ಚಿ, ವಾಷರ್ ಬದಲಿಸುತ್ತೇವೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯಕ್ಕೆ ಆ ಅನುಕೂಲವಿಲ್ಲ. ಅದು ಬಡಿಯುತ್ತಲೇ ತನ್ನ ಸವೆದ ಪ್ರೋಟೀನುಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕಿ, ಉಳಿದದ್ದನ್ನು ರಕ್ತಕ್ಕೇ ಮರಳಿಸುತ್ತವೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆಮೇಲೆ ದೇಹ ಅದನ್ನು ಒಡೆದು, ಅದರ ಕಬ್ಬಿಣವನ್ನು ಹೊಸ ಕಣಕ್ಕೆ ಬಳಸುತ್ತದೆ. ಶೆಡ್ಡಿನಲ್ಲಿ ನಿಲ್ಲಿಸಿದ ಬೈಕ್ ಆರು ತಿಂಗಳ ಮೇಲೂ ಸ್ಟಾರ್ಟ್ ಆಗಬಹುದು. ಮೆದುಳಿಗೆ ಕೆಲವೇ ನಿಮಿಷ ಆಮ್ಲಜನಕ ತಪ್ಪಿದರೆ ಆಗುವ ಹಾನಿ ಸರಿಹೋಗದೇ ಇರಬಹುದು. ಯಂತ್ರವನ್ನು ಬೇರೆಯವರು ಕಟ್ಟುತ್ತಾರೆ, ಬೇರೆಯವರೇ ರಿಪೇರಿ ಮಾಡುತ್ತಾರೆ. ಜೀವ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿರುತ್ತದೆ. ಆ ಕೆಲಸಕ್ಕೆ ರಜೆಯಿಲ್ಲ.

ಇದನ್ನು ತಿಳಿಯಬೇಕಾದವರು ನಾವೇ. ಪ್ಲೇಸ್‌ಮೆಂಟ್ ಸಮಯದಲ್ಲಿ ಹಾಸ್ಟೆಲ್ ಕಾರಿಡಾರಿನಲ್ಲಿ ಬೆಳಗಿನ ನಾಲ್ಕಕ್ಕೂ ದೀಪ ಉರಿಯುತ್ತಿರುತ್ತದೆ. ಊಟ ಬಿಟ್ಟರೂ ನಡೆಯುತ್ತದೆ, ನಿದ್ದೆ ಆಮೇಲೆ ಮಾಡಿದರಾಯಿತು ಎನ್ನುವ ಮಾತಿನ ಹಿಂದೆ ಇರುವುದು ದೇಹ ಒಂದು ಯಂತ್ರ ಎಂಬ ನಂಬಿಕೆಯೇ. ಆದರೆ ಓದಿದ್ದನ್ನು ನೆನಪಾಗಿ ಗಟ್ಟಿ ಮಾಡಿಕೊಳ್ಳುವ ಕೆಲಸವನ್ನು ಮೆದುಳು ನಿದ್ದೆಯಲ್ಲೂ ಮಾಡುತ್ತದೆ. ಅಂದರೆ ನಿದ್ದೆಗೆಟ್ಟು ಓದುವವರು ಓದಿನ ಒಂದು ಭಾಗವನ್ನೇ ಕೈಬಿಡುತ್ತಿದ್ದಾರೆ. ರಿಪೇರಿಗೂ ಒಂದು ಮಿತಿಯಿದೆ: ಹೃದಯಾಘಾತದಲ್ಲಿ ಸತ್ತ ಸ್ನಾಯುಕೋಶಗಳ ಜಾಗದಲ್ಲಿ ಬಹುತೇಕ ಉಳಿಯುವುದು ಗಾಯದ ಕಲೆ ಮಾತ್ರ.

ಹಾಗಾಗಿ ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ‘ಹೃದಯವನ್ನು ಪಂಪಿಗೆ ಹೋಲಿಸಿ’ ಎಂದು ಧಾರಾಳವಾಗಿ ಕೇಳಿ. ಜೊತೆಗೆ ‘ಹೃದಯ ಎಲ್ಲೆಲ್ಲಿ ಪಂಪ್ ಅಲ್ಲ?’ ಎಂದೂ ಕೇಳಿ. ಮೊದಲನೆಯದಕ್ಕೆ ಉತ್ತರ ಬರೆಯಬಲ್ಲವರು ಒಳ್ಳೆಯ ಸಾಧನ ತಯಾರಿಸಿಯಾರು. ಎರಡನೆಯದನ್ನೂ ಬಲ್ಲವರು ಆ ಸಾಧನವನ್ನು ಬಳಸುವ ಮನುಷ್ಯರನ್ನೂ ತಮ್ಮನ್ನೂ ಯಂತ್ರದಂತೆ ದುಡಿಸಲಾರರು.