ಪಾದ್ರಿ ಮನೆಯ ಬಡತನ

ದಾನಧರ್ಮದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವವನ ಮನೆಯವರೇ ಕೈಯೊಡ್ಡಬೇಕಾಗಿ ಬಂದರೆ? ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಗಳ ಸಂಸಾರಕ್ಕೆ ಈ ಇಕ್ಕಟ್ಟು ಬಹಳ ಹಳೆಯದು. ಪಾದ್ರಿಗೆ ಇರಲು ಮನೆಯೇನೋ ಉಂಟು. ಆದರೆ ಅದು ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಾಗೆ. ಕೆಲಸ ಇರುವತನಕ ಮಾತ್ರ. ಹಿಂದೆ ಪಾದ್ರಿ ತೀರಿಕೊಂಡನೆಂದರೆ ಹೆಂಡತಿ ಮಕ್ಕಳಿಗೆ ವರಮಾನವೂ ಇಲ್ಲ, ಸೂರೂ ಇಲ್ಲ. ಊರಿನ ಗೌರವಸ್ಥರ ಸಾಲಿನಲ್ಲಿ ಕುಳಿತವರು ಬೇಡುವುದಾದರೂ ಹೇಗೆ?

1655ರಲ್ಲಿ ಈ ಕಷ್ಟ ಬೀದಿಗೇ ಬಂತು. ಆಗ ಕ್ರಾಂವೆಲ್ಲನ ಆಡಳಿತ. ರಾಜನ ಪಕ್ಷ ಹಿಡಿದ ಪಾದ್ರಿಗಳು ಕೆಲಸ ಕಳೆದುಕೊಂಡಿದ್ದರು. ಲಂಡನ್ನಿನ ಕೆಲವು ವರ್ತಕರು, ತಾವೂ ಪಾದ್ರಿಗಳ ಮಕ್ಕಳೇ ಆದವರು, ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ ಪ್ರಾರ್ಥನೆ ಏರ್ಪಡಿಸಿ ಹಣ ಕೂಡಿಸತೊಡಗಿದರು. 1678ರಲ್ಲಿ ದೊರೆ ಎರಡನೆಯ ಚಾರ್ಲ್ಸ್ ಇದಕ್ಕೆ ಸನ್ನದು ಕೊಟ್ಟ. 'ಸನ್ಸ್ ಆಫ್ ದಿ ಕ್ಲರ್ಜಿ', ಅಂದರೆ ಪಾದ್ರಿಪುತ್ರರು ಎಂಬ ಹೆಸರೇ ಸಂಸ್ಥೆಗೆ ನಿಂತಿತು.

ಇನ್ನು ದೊಡ್ಡವರ ಹೆಸರುಗಳು. ಸುಟ್ಟುಹೋದ ಸೇಂಟ್ ಪಾಲ್ಸನ್ನು ಹೊಸದಾಗಿ ಕಟ್ಟಿದ ಕ್ರಿಸ್ಟೋಫರ್ ರೆನ್ ಸ್ವತಃ ಪಾದ್ರಿಯ ಮಗ. ಆರಂಭದ ಬೆಂಬಲಿಗರಲ್ಲಿ ಒಬ್ಬ. ಆ ಹೊಸ ಕಟ್ಟಡದಲ್ಲಿ ಸಂಸ್ಥೆಯ ವಾರ್ಷಿಕೋತ್ಸವ ಎಂದರೆ ಸಂಗೀತದ ಜಾತ್ರೆ. ಪರ್ಸೆಲ್ಲನ ಕೃತಿ, ಆಮೇಲೆ ಹ್ಯಾಂಡಲ್ 1713ರಲ್ಲಿ ಯೂಟ್ರೆಕ್ಟ್ ಶಾಂತಿಗಾಗಿ, 1743ರಲ್ಲಿ ಡೆಟ್ಟಿಂಗೆನ್ ವಿಜಯಕ್ಕಾಗಿ ರಚಿಸಿದ ಸ್ತುತಿಗಳು ಅಲ್ಲಿ ಮೊಳಗಿದವು. ರಿಹರ್ಸಲಿನಲ್ಲೂ ವಸೂಲಿ, ಪ್ರಾರ್ಥನೆಯಲ್ಲೂ ವಸೂಲಿ, ಕೊನೆಗೆ ಊಟದಲ್ಲೂ ವಸೂಲಿ! ಹ್ಯಾಂಡಲನನ್ನು ಕೇಳಬಂದವರ ಜೇಬಿನಿಂದ ಎಲ್ಲೋ ಒಬ್ಬ ವಿಧವೆಯ ಬಾಡಿಗೆ ಹುಟ್ಟುತ್ತಿತ್ತು. ಪಾದ್ರಿಯ ಮಗನೊಬ್ಬ ಕಸುಬು ಕಲಿಯಲು ಹೋಗುತ್ತಿದ್ದ.

ಇಂಥ ನೆರವು ಏಕೆ ಬೇಕಿತ್ತು ಎಂಬುದಕ್ಕೆ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಮನೆಯನ್ನೇ ನೋಡಿ. ಪಾದ್ರಿಯಾಗಿದ್ದ ತಂದೆ 1805ರಲ್ಲಿ ತೀರಿಕೊಂಡಾಗ ಚರ್ಚಿನ ವರಮಾನ ನಿಂತಿತು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಅಲೆದರು. 1809ರಲ್ಲಿ ಅನುಕೂಲಸ್ಥ ಅಣ್ಣ ಎಡ್ವರ್ಡ್ ಚಾಟನ್ ಹಳ್ಳಿಯಲ್ಲಿ ಒಂದು ಮನೆ ಬಿಟ್ಟುಕೊಟ್ಟ ಮೇಲೆಯೇ ನೆಲೆ ಸಿಕ್ಕಿದ್ದು. ಆಕೆಯ ಮೊದಲ ಕಾದಂಬರಿ ಅಚ್ಚಾದದ್ದು ಅದಾದ ಎರಡು ವರ್ಷಕ್ಕೆ. ಅಂಥ ಅಣ್ಣನಿಲ್ಲದ ಮನೆಗಳು ಎಷ್ಟಿದ್ದವೋ!

ಇಂಗ್ಲೆಂಡಿನ ಚರ್ಚಿನಲ್ಲಿ 1994ರಿಂದ ಹೆಂಗಸರೂ ಪಾದ್ರಿಗಳಾದರು. 'ಪುತ್ರರು' ಎಂಬ ಹೆಸರು ಬಿಗಿಯಾಯಿತು. 2012ರಲ್ಲಿ 'ಮಿತ್ರರೂ' ಸೇರಿಕೊಂಡರು. 2019ರಲ್ಲಿ ಸಂಸ್ಥೆ 'ಕ್ಲರ್ಜಿ ಸಪೋರ್ಟ್ ಟ್ರಸ್ಟ್' ಎಂದಾಯಿತು. ಹೆಸರು ಬದಲಾದರೂ ಕೆಲಸ ಅದೇ. ಇಂದಿಗೂ ನಿವೃತ್ತಿಯಾದ ಪಾದ್ರಿ ಚರ್ಚಿನ ಮನೆ ಬಿಡಲೇಬೇಕು.

ದೊಡ್ಡವರು ಧರ್ಮಕಾರ್ಯಕ್ಕೆ ಹೆಸರು ಕೊಟ್ಟರೆ ಪ್ರಚಾರಕ್ಕೆ ಎಂದು ಮೂಗು ಮುರಿಯುವವರುಂಟು. ಇರಲಿ. ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಂಡು ಕುಳಿತ ಬಡತನಕ್ಕೆ ತನ್ನ ಹೆಸರು ಹೇಳಿ ಬೇಡಲಾಗದು. ಆಗ ದೊಡ್ಡವರು ತಮ್ಮ ಹೆಸರನ್ನು ಅದಕ್ಕೆ ಸಾಲ ಕೊಟ್ಟರೆ ತಪ್ಪೇನು?