ಅಂತ್ಯಕಾಲದ ಚಿಕಿತ್ಸೆ: ರೋಗಿಯ ಇಚ್ಛೆಯೂ ಕಾನೂನೂ

ಆಸ್ತಿಯ ಉಯಿಲು ಬರೆಯಲು ಹಿಂಜರಿಯದ ಗೃಹಸ್ಥರು ಸಹ ತಮ್ಮ ಕೊನೆಯ ದಿನಗಳ ಚಿಕಿತ್ಸೆಯ ಮಾತು ಬಂದೊಡನೆ 'ಅಪಶಕುನ' ಎಂದು ಸುಮ್ಮನಾಗಿಬಿಡುವುದುಂಟು. ಆ ಮೌನದ ಭಾರ ಬೀಳುವುದು ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತವರ ಮೇಲೆ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ಇನ್ನೂ ಹೆಚ್ಚು. ಮಗ ಬೆಂಗಳೂರಿನಲ್ಲಿ, ಮಗಳು ಸಾಗರದಾಚೆ. ಕೃತಕ ಉಸಿರಾಟವನ್ನು ಮುಂದುವರಿಸಬೇಕೇ ಎಂಬ ವೈದ್ಯರ ಪ್ರಶ್ನೆಗೆ ದೂರವಾಣಿಯಲ್ಲಿ ಉತ್ತರ ಬರಬೇಕು.

ಭಾರತದ ಕಾನೂನು ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ್ದು ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿದ್ದ ದಾದಿ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ. 1973ರ ನವೆಂಬರ್ 27ರಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನಡೆದ ಬರ್ಬರ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡ ಅವರು 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಜೀವಿಸಿದ್ದರು. ಅವರಿಗೆ ಬಲವಂತದ ಆಹಾರ ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಮೊರೆಹೊಕ್ಕರು; ವರ್ಷಗಟ್ಟಲೆ ಮಗುವಿನಂತೆ ಸಾಕಿದ ದಾದಿಯರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ದಾದಿಯರ ಮಾತನ್ನೇ ಮನ್ನಿಸಿತಾದರೂ, ಉಚ್ಚ ನ್ಯಾಯಾಲಯದ ಅನುಮತಿಯಿದ್ದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂಬ ತತ್ತ್ವವನ್ನು ಅಂಗೀಕರಿಸಿತು. ಎರಡೂ ಪಕ್ಷಗಳಲ್ಲಿ ಪ್ರೀತಿಯಿತ್ತು. ಅರುಣಾ ಅವರ ಇಚ್ಛೆ ಏನಿತ್ತೆಂಬುದಕ್ಕೆ ಮಾತ್ರ ಒಂದು ಸಾಲಿನ ಬರಹವೂ ಇರಲಿಲ್ಲ.

ಆ ಸಾಲಿಗೆ ಕಾನೂನಿನ ಬಲ ದೊರೆತದ್ದು 2018ರ ಮಾರ್ಚ್ 9ರಂದು, ಐವರು ನ್ಯಾಯಾಧೀಶರ ಸಂವಿಧಾನ ಪೀಠದ ತೀರ್ಪಿನಿಂದ. ಆದರೆ ಅಂದು ವಿಧಿಸಿದ ಕ್ರಮ ಎಷ್ಟು ಜಟಿಲವಾಗಿತ್ತೆಂದರೆ, ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕು, ರೋಗಿಯನ್ನು ಅವರೇ ಬಂದು ನೋಡಬೇಕು. ಕೊಟ್ಟ ಹಕ್ಕನ್ನು ಕಟಕಟೆಯಲ್ಲಿ ಕಟ್ಟಿಹಾಕಿದಂತಾಯಿತು. 2023ರ ಜನವರಿ 24ರ ಆದೇಶ ಇದನ್ನು ಸಡಿಲಿಸಿತು. ಈಗ ಪ್ರಾಪ್ತವಯಸ್ಕರಾದವರು ಸ್ವಸ್ಥಚಿತ್ತದಿಂದ, ಸ್ವಂತ ಇಚ್ಛೆಯಿಂದ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಗುಣವಾಗದ ಕಾಯಿಲೆಯಲ್ಲಿ ರೋಗಿ ನಿರ್ಧಾರಶಕ್ತಿ ಕಳೆದುಕೊಂಡಾಗ ಮೂವರು ವೈದ್ಯರ ಮಂಡಲಿ, ಅನಂತರ ಎರಡನೆಯ ಮಂಡಲಿ, ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು; ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಇದು ವಿಷದ ಚುಚ್ಚುಮದ್ದಲ್ಲ. ಅದು ಇಂದಿಗೂ ಅಪರಾಧವೇ. ಸಲ್ಲೇಖನವೂ ಅಲ್ಲ. ಎಲ್ಲೋರದ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟರ ವಂಶದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಕೈಕೊಂಡದ್ದು ಧರ್ಮವ್ರತ. ಇಲ್ಲಿರುವುದು ಯಂತ್ರಕ್ಕೆ ರೋಗಿ ಹಾಕುವ ಎಲ್ಲೆ ಮಾತ್ರ. ನೋವು ಶಮನದ ಉಪಚಾರ ಕೊನೆಯ ಉಸಿರಿನವರೆಗೂ ನಡೆಯತಕ್ಕದ್ದೇ.

ಪತ್ರದ ಪ್ರತಿಯನ್ನು ಕಾಪಿಡಲು ಸ್ಥಳೀಯ ಸಂಸ್ಥೆ ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ನ್ಯಾಯಾಲಯ ವಿಧಿಸಿದೆ. ಆ ಅಧಿಕಾರಿ ಯಾರು, ಯಾವ ಕಚೇರಿಯಲ್ಲಿ ಎಂಬುದನ್ನು ಎರಡೂ ನಗರಗಳ ಮಹಾನಗರಪಾಲಿಕೆಗಳು ಆಸ್ಪತ್ರೆಗಳಲ್ಲಿ ಫಲಕ ಹಾಕಿ ಸಾರಬೇಕು. ಮಹಾರಾಷ್ಟ್ರದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಇರುವುದು ನಾಸಿಕದಲ್ಲಿಯೇ. ಈ ಪತ್ರವನ್ನು ಓದಿ ಗೌರವಿಸುವ ವಿಧಾನವನ್ನು ಭಾವೀ ವೈದ್ಯರಿಗೆ ಕಲಿಸಲು ಅದಕ್ಕಿಂತ ಯೋಗ್ಯ ಸ್ಥಾನ ಬೇರೊಂದಿಲ್ಲ.

ಕನ್ನಡಿಗರಿಗೆ ಭಾಷೆಯದೂ ಒಂದು ತೊಡಕು. ಅಜ್ಜಿ ಕನ್ನಡದಲ್ಲಿ ಬರೆಸಿದ್ದನ್ನು ನಡುರಾತ್ರಿಯ ಪಾಳಿಯ ವೈದ್ಯರು ಓದಲಾರರು. ಆದ್ದರಿಂದ ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿ ಬರೆಸಿ, ಸಹಿಗೆ ಮೊದಲು ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿಸುವುದು ಲೇಸು. ಕುಟುಂಬ ವೈದ್ಯರಿಗೊಂದು, ಹೆಸರಿಸಿದ ಬಂಧುಗಳಿಗೊಂದೊಂದು ಪ್ರತಿ ಸಲ್ಲಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಅದನ್ನು ಬರೆದು ರದ್ದುಪಡಿಸಬಹುದು.