ದೊಡ್ಡ ಫೈಲಿನ ಪರವಾಗಿ

ಈಗಿನ ಅಪ್ಲಿಕೇಶನ್‌ಗಳಿಗೆ ಬೊಜ್ಜು ಬಂದಿದೆ ಎಂಬ ದೂರು ತಂತ್ರಾಂಶ ಬರೆಯುವವರಲ್ಲಿ ಸಾಮಾನ್ಯ. ಕಾಫಿ ತೋಟದ ಲೆಕ್ಕ ಬರೆಯುವ ಪುಟ್ಟ ಪ್ರೋಗ್ರಾಮಿಗೂ ಎಲೆಕ್ಟ್ರಾನ್ ಎಂಬ ಚೌಕಟ್ಟು ಇಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುತ್ತದೆ. ದೂರು ಸುಳ್ಳಲ್ಲ. ಆದರೆ ಸಕಲೇಶಪುರ ಸೀಮೆಯ ಹೆತ್ತೂರು, ಯಸಳೂರು, ಹಾನುಬಾಳಿನ ಕಡೆ ನಿಂತು ನೋಡಿದರೆ, ದೊಡ್ಡ ಫೈಲಿಗಿಂತ ಚಿಕ್ಕದೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅನಿಸಿಕೆ.

ಒಂದೆರಡು ಎಂಬಿಯ ಇನ್‌ಸ್ಟಾಲರ್ ನೋಡಲು ಚೆಂದ. ಕ್ಲಿಕ್ಕಿಸಿದೊಡನೆ ಉಳಿದದ್ದನ್ನೆಲ್ಲ ನೆಟ್‌ನಿಂದ ಎಳೆಯತೊಡಗುತ್ತದೆ, ಅದೂ ಪ್ರತಿ ಕಂಪ್ಯೂಟರಿಗೂ ಹೊಸದಾಗಿ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋಗಿ, ಹಿಂದೆಯೇ ಟವರೂ ಮಲಗಿದರೆ ಅರ್ಧಕ್ಕೇ ನಿಂತಿತು. ಎಲ್ಲವನ್ನೂ ಒಳಗಿಟ್ಟುಕೊಂಡ ಇನ್ನೂರು ಎಂಬಿಯ ಫೈಲಾದರೆ ಸಕಲೇಶಪುರದಲ್ಲೋ ಆಲೂರಿನಲ್ಲೋ ಒಮ್ಮೆ ಇಳಿಸಿ, ಪೆನ್‌ಡ್ರೈವ್ ಜೇಬಿಗಿಟ್ಟು ಬಸ್ ಹತ್ತಿದರಾಯಿತು. ಊರಿನ ಶಾಲೆಯ ಅಷ್ಟೂ ಕಂಪ್ಯೂಟರಿಗೆ ಸಾಲುತ್ತದೆ.

ಇಂಥ ಫೈಲನ್ನು ಲಿನಕ್ಸಿಗೂ ಕಟ್ಟಿ ಎಂದರೆ, ‘ಇಲ್ಲಿರುವುದೆಲ್ಲ ವಿಂಡೋಸ್, ಲಿನಕ್ಸಿಗೆ ಬೇರೆ ಪ್ಯಾಕೇಜ್ ಯಾಕೆ?’ ಎನ್ನುವವರಿದ್ದಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವನ್ನು ಗುಜರಿಗೆ ಹಾಕದಿದ್ದರೆ ಲಿನಕ್ಸ್ ಹಾಕುವುದೇ ದಾರಿ. ಕೇರಳದ ಶಾಲೆಗಳು, ಕಾಸರಗೋಡಿನ ಕನ್ನಡ ಮಾಧ್ಯಮದವೂ ಸೇರಿ, ಆ ದಾರಿ ಹಿಡಿದು ಬಹಳ ವರ್ಷಗಳಾದವು. (ಮ್ಯಾಕ್ ವಿಷಯ ಬಿಡಿ. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿ ಪ್ರೋಗ್ರಾಮಿಗೆ ಸಹಿ, ಪರಿಶೀಲನೆ ಮಾಡಿಸಬೇಕು; ಈ ಗುಡ್ಡಗಳಲ್ಲಿ ಮ್ಯಾಕ್ ಕಾಣುವುದು ಹೋಮ್‌ಸ್ಟೇಗೆ ಬಂದವರ ತೊಡೆಯ ಮೇಲೆ.)

ಕನ್ನಡಕ್ಕಂತೂ ದೊಡ್ಡ ಫೈಲೇ ಬೇಕೆನ್ನಲು ಇನ್ನೊಂದು ಕಾರಣವಿದೆ. ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಫಾಂಟ್ ಇದ್ದರೆ ಸಾಲದು, ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿಯೂ ಬೇಕು. ಆಟ ಕಟ್ಟುವ ಗೋಡೋ ಎಂಜಿನ್ನಿನ ಮೂರನೇ ಆವೃತ್ತಿಯಲ್ಲಿ ಈ ಸೌಕರ್ಯವಿರಲಿಲ್ಲ. 2023ರಲ್ಲಿ ಬಂದ ನಾಲ್ಕನೆಯದು ಅದನ್ನು ತನ್ನೊಳಗೇ ಇಟ್ಟುಕೊಂಡಿದೆ. ನೋಟೋ ಸಾನ್ಸ್ ಕನ್ನಡದ ಪರವಾನಗಿ ಫಾಂಟನ್ನು ಜೊತೆಗೆ ಹಂಚಲು ಬಿಡುತ್ತದೆ. ಎರಡನ್ನೂ ಪ್ಯಾಕೇಜಿನೊಳಗೇ ಕೊಟ್ಟರೆ ‘ಕತ್ತೆ’ ಎಲ್ಲ ಯಂತ್ರದಲ್ಲೂ ಕತ್ತೆಯೇ. ತೂಕ ಉಳಿಸಲು ಹೋಗಿ ಯಂತ್ರದಲ್ಲಿ ಏನಿದೆಯೋ ಅದನ್ನೇ ನಂಬಿದರೆ ಮಗುವಿಗೆ ಕಾಣುವುದು ಖಾಲಿ ಚೌಕಗಳು.

ಎಲ್ಲವನ್ನೂ ಒಳಗೇ ಕಟ್ಟಿಟ್ಟರೆ ಲೈಬ್ರರಿಗಳ ಭದ್ರತಾ ದೋಷ ತಾನಾಗಿ ಸರಿಯಾಗದು ಎಂಬ ಆಕ್ಷೇಪ ಗಟ್ಟಿಯಾದದ್ದು. ಹಣ ರವಾನಿಸುವ ಅಪ್ಲಿಕೇಶನ್‌ಗೆ ನಾನೂ ಅದನ್ನು ಒಪ್ಪುತ್ತೇನೆ. ನೆಟ್ಟೇ ಇಲ್ಲದೆ ಓಡುವ ಮಗ್ಗಿ ಆಟಕ್ಕೆ ಆ ಭಯ ಅಷ್ಟಿಲ್ಲ.

ಹಾಗಾಗಿ ಕನ್ನಡಕ್ಕೆ ಆಟ, ಅಪ್ಲಿಕೇಶನ್ ಬರೆಯುತ್ತಿರುವವರಲ್ಲಿ ಒಂದು ಕೋರಿಕೆ. ಪೂರ್ಣ ಆಫ್‌ಲೈನ್ ಫೈಲಿನ ಕೊಂಡಿಯನ್ನು ಮೊದಲ ಪುಟದಲ್ಲೇ ಇಡಿ. ಲಿನಕ್ಸಿಗೆ ಒಂದೇ ಫೈಲಾಗಿ ಓಡುವ ಆ್ಯಪ್‌ಇಮೇಜ್ ಕಟ್ಟುವಾಗ ಹಳೆಯ ಉಬುಂಟುವಿನಲ್ಲೇ ಕಟ್ಟಿ. ಮೂಲ ಸಿ ಲೈಬ್ರರಿಯನ್ನು ಆ್ಯಪ್‌ಇಮೇಜ್ ಸಾಮಾನ್ಯವಾಗಿ ಜೊತೆಗೆ ತರುವುದಿಲ್ಲವಾದ್ದರಿಂದ, ಹೊಸದರಲ್ಲಿ ಕಟ್ಟಿದ್ದು ಹಳೆಯ ಯಂತ್ರದಲ್ಲಿ ತೆರೆಯದೇ ಹೋಗಬಹುದು.